80 ಟೆಸ್ಟಿನ ಪ್ಯಾಕೇಜ್ ಆಮೇಲೆ, ಮೊದಲು ದೊಡ್ಡಮ್ಮನ ಹತ್ರ ಕೂತ್ಕೊಳ್ಳಿ

ಮೂರು ವರ್ಷದ ಹಿಂದೆ ನಮ್ಮ ಆಫೀಸಲ್ಲಿ ಹೆಲ್ತ್ ಕ್ಯಾಂಪ್ ಇಟ್ಟಿದ್ರು. ಆ ದಿನ ಲಿಫ್ಟ್ ಹಾಳು, ನಾನು ನಾಲ್ಕು ಮಾಳಿಗೆ ಹತ್ತಿ, ಕೆಳಗೆ ಕುಡಿದ ಕೇಟಿ ಚಾದ ಬಿಸಿ ಇನ್ನೂ ನಾಲಗೆಯಲ್ಲಿ ಇರುವಾಗ್ಲೇ ಹೋಗಿ ಕೈ ಕೊಟ್ಟೆ, ಆ ಹುಡುಗ ಅಂಗಿ ತೋಳಿನ ಮೇಲೆಯೇ ಪಟ್ಟಿ ಸುತ್ತಿದ, ನಾನು ಪಕ್ಕದವನಿಗೆ ವಿಟ್ಲದ ಯಾವ್ದೋ ಮದುವೆ ಊಟದ ಕತೆ ಹೇಳ್ತಾ ಇದ್ದೆ. 152/98 ಬಂತು. "ಸರ್, ನಿಮ್ಗೆ ಬಿಪಿ ಉಂಟು" ಅಂತ ಕಾರ್ಡಲ್ಲಿ ಕೆಂಪು ಪೆನ್ನಲ್ಲಿ ಬರೆದು ಕೊಟ್ಟ. ನನಗಾಗ 30 ವರ್ಷ. ಒಂದು ವಾರ ಮಂಡೆಬಿಸಿ, ರಾತ್ರಿ ಮಲಗಿದ್ರೆ ಎದೆ ಬಡಿಯುದೇ ಕೇಳುದು. ಆಮೇಲೆ ಮನೆ ಹತ್ರದ ಡಾಕ್ಟ್ರ ಹತ್ರ ಹೋದೆ, ಅವ್ರು ಐದು ನಿಮಿಷ ಸುಮ್ನೆ ಕೂರಿಸಿ, ತೋಳು ಮೇಲೆ ಮಡಚಿಸಿ ನೋಡಿದ್ರೆ 126/82.

ಅಷ್ಟರಲ್ಲಿ ನಾನು ಅದೇ ಹೆದರಿಕೆಯಲ್ಲಿ ಫೋನಲ್ಲಿ ಬಂದ 80 ಟೆಸ್ಟಿನ ಪ್ಯಾಕೇಜ್ ಕೂಡ ಮಾಡಿಸಿ ಆಗಿತ್ತು. ಹನ್ನೆರಡು ಪುಟದ ರಿಪೋರ್ಟ್, ಅದ್ರಲ್ಲಿ ಮೂರು ಕಡೆ ಕೆಂಪು ಅಕ್ಷರ, ಡಾಕ್ಟ್ರು ಮೂರನ್ನೂ ನೋಡಿ "ಇದಕ್ಕೆಲ್ಲ ಎಂತ ಮಾಡ್ಲಿಕ್ಕಿಲ್ಲ" ಅಂದ್ರು. ಮತ್ತೆ ಕೇಳಿದ್ರು, "ಅಪ್ಪನ ಕಡೆ ಯಾರಿಗಾದ್ರೂ ಹಾರ್ಟ್ ತೊಂದ್ರೆ ಉಂಟಾ? ಎಷ್ಟನೇ ಪ್ರಾಯದಲ್ಲಿ?" ನನ್ನ ಹತ್ರ ಉತ್ತರ ಇಲ್ಲ. ಹನ್ನೆರಡು ಪುಟದಲ್ಲೂ ಇಲ್ಲ.

20ರಿಂದ 40ರ ಒಳಗಿನವ್ರು ಎಂತ ನೋಡಿಸ್ಬೇಕು, ಎಂತ ಬೇಡ ಅಂತ ಆಮೇಲೆ ಅವ್ರ ಹತ್ರ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಫ್ರೆಂಡ್ಸ್ ಹತ್ರ ಕೇಳಿ ಕೇಳಿ ಒಂದು ಕ್ರಮ ಮಾಡ್ಕೊಂಡಿದ್ದೇನೆ, ಅದನ್ನೇ ಇಲ್ಲಿ ಬರೀತೇನೆ. ನಾನು ಡಾಕ್ಟ್ರಲ್ಲ. ಈಗಾಗ್ಲೇ ಎಂತಾದ್ರೂ ತೊಂದ್ರೆ ಇದ್ದವ್ರಿಗೆ ಇದಲ್ಲ, ಅವ್ರು ಸೀದಾ ಡಾಕ್ಟ್ರ ಹತ್ರ ಹೋಗುದು.

ಮೊದಲ್ನೇದು: ಕುಟುಂಬದ ರೋಗದ ಲೆಕ್ಕ

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದ್ರೆ ಹೆಚ್ಚಿನವ್ರು ಮಾಡುದಿಲ್ಲ. ನಾಗರಪಂಚಮಿಗೆ ಹೇಗೂ ಎಲ್ಲ ಮೂಲದ ಮನೆಗೆ ಬರ್ತಾರೆ, ಬೊಂಬಾಯಿಯವ್ರು ಕೂಡ. ಬನಕ್ಕೆ ಹಾಲೆರೆದು ಬಂದು ಊಟ ಆಗಿ ದೊಡ್ಡವರು ಜಗಲಿಯಲ್ಲಿ ಕಾಲು ಚಾಚಿ ಕೂತಾಗ ಒಂದು ಪುಸ್ತಕ ಹಿಡ್ಕೊಂಡು ಕೂತ್ಕೊಳ್ಳಿ. ನಾನು ಹಾಗೇ ಮಾಡಿದ್ದು.

"ದೊಡ್ಡಮ್ಮ, ದೊಡ್ಡಪ್ಪನಿಗೆ ಎಂತ ಆದದ್ದು ಸರೀಗೆ?"

"ಎಂತ ಇಲ್ಲ ಮಗಾ, ಗ್ಯಾಸು. ಬೆಳಿಗ್ಗೆ ತೋಟಕ್ಕೆ ಹೋದವ್ರು ಎದೆ ಹಿಡ್ದ ಹಾಗೆ ಆಗ್ತದೆ ಅಂತ ವಾಪಸ್ ಬಂದ್ರು. ಬೆವರು ಅಂದ್ರೆ ಬೆವರು, ಹೆಗಲಿನ ಬೈರಾಸು ಹಿಂಡುವ ಹಾಗೆ ಒದ್ದೆ. ಓಮ ಅರೆದು ಕೊಟ್ಟೆ. ಮಧ್ಯಾಹ್ನಕ್ಕೆ ಮುಗೀತು."

"ಆಗ ಎಷ್ಟು ಪ್ರಾಯ?"

"ನಿನ್ನ ಅಣ್ಣ ಎಸ್ಸೆಸ್ಸೆಲ್ಸಿ ಆ ವರ್ಷ. 48 ಆಗಿರ್ಬಹುದು."

ಅಷ್ಟು ಬೆವರು ಬರುವ ಗ್ಯಾಸ್ ಎಲ್ಲಿ ಉಂಟು ಮಾರಾಯ್ರೆ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಅದು ಗ್ಯಾಸ್ ಅಂತ್ಲೇ ಇತ್ತು. ಅದೇ ದಿನ ಅಪ್ಪನಿಗೆ 40ರಿಂದ್ಲೇ ಬಿಪಿ ಮಾತ್ರೆ ಇದೆ ಅಂತಲೂ, ಅತ್ತೆಗೆ ಬಸುರಿಯಲ್ಲಿ ಶುಗರ್ ಬಂದಿತ್ತು ಅಂತಲೂ ಗೊತ್ತಾಯ್ತು.

ಬರ್ಕೊಳ್ಳುವಾಗ ರೋಗದ ಹೆಸರಿಗಿಂತ ಪ್ರಾಯ ಮುಖ್ಯ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹಾರ್ಟ್ ಅಟ್ಯಾಕ್ ಆಗಿದ್ರೆ ಡಾಕ್ಟ್ರು ಅದನ್ನು ನಿಮ್ಮ ಲೆಕ್ಕಕ್ಕೂ ಹಿಡೀತಾರೆ. ದೊಡ್ಡಪ್ಪ ಮಾವ ಎಲ್ಲ ಸ್ವಲ್ಪ ದೂರ, ಅಷ್ಟು ತೂಕ ಇಲ್ಲ, ಆದ್ರೂ ಬರ್ಕೊಳ್ಳಿ. ಶುಗರ್, ಬಿಪಿ, ಕಿಡ್ನಿ, ಥೈರಾಯ್ಡ್, ಮತ್ತೆ ಕ್ಯಾನ್ಸರ್ ಆದ್ರೆ ಎಲ್ಲಿಯದ್ದು ಅಂತ ಕೇಳ್ಬೇಕು. ಮನೆಯಲ್ಲಿ ಕರುಳಿನ ಕ್ಯಾನ್ಸರ್ ಇದ್ರೆ ಅವ್ರಿಗೆ ಬಂದ ಪ್ರಾಯಕ್ಕಿಂತ ಹತ್ತು ವರ್ಷ ಮೊದಲೇ ನಿಮ್ದು ನೋಡ್ಲಿಕ್ಕೆ ಶುರು ಮಾಡ್ತಾರೆ, ಹಾಗಾಗಿ "ಹೊಟ್ಟೆಯದ್ದು ಎಂಥದ್ದೋ" ಅಂತ ಬರೆದ್ರೆ ಸಾಲುದಿಲ್ಲ. ದೊಡ್ಡವರು ಕ್ಯಾನ್ಸರ್ ಅನ್ನುವ ಶಬ್ದವನ್ನೇ ಬಾಯಿಂದ ತೆಗೆಯುದಿಲ್ಲ, "ಗಡ್ಡೆ ಇತ್ತು", "ಮಣಿಪಾಲಕ್ಕೆ ಕರೆಂಟ್ ಇಡ್ಲಿಕ್ಕೆ ಹೋಗ್ತಿದ್ರು" ಅಂತ ಹೇಳ್ತಾರೆ, ಕರೆಂಟ್ ಅಂದ್ರೆ ರೇಡಿಯೇಶನ್, ನೀವೇ ಅರ್ಥ ಮಾಡ್ಕೊಳ್ಬೇಕು.

ಎರಡ್ನೇದು: ಬಿಪಿ, ಆದ್ರೆ ಸರಿಯಾಗಿ

18 ದಾಟಿದ ಯಾರಾದ್ರೂ ವರ್ಷಕ್ಕೆ ಒಂದು ಸಲ ನೋಡಿಸ್ಬಹುದು. ಬಿಪಿ ಹೆಚ್ಚಿದ್ರೆ ತಲೆ ಸುತ್ತುತ್ತದೆ, ಆಗ ನೋಡುವ ಅಂತ ಕಾಯುವವ್ರಿದ್ದಾರೆ, ಹೆಚ್ಚಿನವ್ರಿಗೆ ಎಂತದೂ ಆಗುದಿಲ್ಲ, ಅದೇ ಅದ್ರ ಕಷ್ಟ.

ನೋಡುವ ಕ್ರಮ ಹೀಗೆ. ಅರ್ಧ ಗಂಟೆ ಮೊದಲು ಚಾ, ಕಾಫಿ, ಸಿಗರೇಟ್, ಓಡಾಟ ಬೇಡ. ಮೂತ್ರಕ್ಕೆ ಹೋಗಿ ಬನ್ನಿ, ತಡ್ಕೊಂಡಿದ್ರೆ ಬಿಪಿ ಮೇಲೆ ಹೋಗ್ತದೆ. ಬೆನ್ನಿಗೆ ಆಧಾರ ಇರುವ ಕುರ್ಚಿ, ಕಾಲು ನೆಲಕ್ಕೆ ಊರಿರ್ಬೇಕು, ಕಾಲ ಮೇಲೆ ಕಾಲು ಬೇಡ, ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ, ಫೋನೂ ನೋಡ್ಬೇಡಿ. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ, ಪಟ್ಟಿ ಬರೀ ಚರ್ಮದ ಮೇಲೆ ಸುತ್ತಬೇಕು. ಮಾತಾಡ್ಬಾರ್ದು. ತೋಳು ದಪ್ಪ ಇದ್ದವ್ರು ದೊಡ್ಡ ಪಟ್ಟಿ ಕೇಳಿ, ಸಣ್ಣದ್ರಲ್ಲಿ ನೋಡಿದ್ರೆ ಸುಮ್ಮಸುಮ್ನೆ ಜಾಸ್ತಿ ತೋರಿಸ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

120/80ರ ಒಳಗಿದ್ರೆ ಒಳ್ಳೇದು. ಡಾಕ್ಟ್ರಲ್ಲಿ ಬೇರೆ ಬೇರೆ ದಿನ ನೋಡಿದಾಗ್ಲೂ 140/90 ಅಥವಾ ಮೇಲೆ ಇದ್ರೆ ಬಿಪಿ ಅಂತ ಹೇಳ್ತಾರೆ. ಮಧ್ಯೆ ಇದ್ದವ್ರು ಉಪ್ಪು, ಹೊಟ್ಟೆ, ನಿದ್ದೆ ನೋಡ್ಕೊಂಡು ಮತ್ತೆ ಪರೀಕ್ಷೆ ಮಾಡ್ತಾ ಇರ್ಬೇಕು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಅಂದ್ರೆ ಒಂದು ಸಣ್ಣ ಚಮಚ, ನಮ್ಮ ಗಂಜಿ ಊಟಕ್ಕೆ ಒಣಮೀನು ಚಟ್ನಿ, ಮಾವಿನ ಮಿಡಿ, ಹಪ್ಪಳ ಸೇರಿದ್ರೆ ಅದು ಮಧ್ಯಾಹ್ನಕ್ಕೇ ಮುಗೀತದೆ, ಎಂತ ಮಾಡುದು.

ಆಸ್ಪತ್ರೆ ಕಂಡ್ರೇ ಎದೆ ಹೊಡ್ಕೊಳ್ಳುವ ನನ್ನ ಹಾಗಿನವ್ರು ಮನೆಯಲ್ಲಿ ತೋಳಿಗೆ ಕಟ್ಟುವ ಮೆಷಿನಲ್ಲಿ ಒಂದು ವಾರ ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ ನೋಡಿ ಬರ್ಕೊಂಡು ಹೋಗಿ, ಮೊದಲ ದಿನದ್ದು ಬಿಟ್ಟು ಉಳಿದದ್ರ ಸರಾಸರಿ 135/85ರ ಒಳಗಿರ್ಬೇಕು. ಮೆಷಿನ್ ಖರೀದಿ ಬೇಡ ಅಂದ್ರೆ ಪಿಎಚ್‌ಸಿ ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ್ದೇ "ನಮ್ಮ ಕ್ಲಿನಿಕ್", ಎಲ್ಲ ಕಡೆ ನೋಡ್ತಾರೆ. 30 ದಾಟಿದವ್ರಿಗೆ ಬಿಪಿ, ಶುಗರ್ ನೋಡುದು ಸರ್ಕಾರದ ಕಾರ್ಯಕ್ರಮವೇ, ಫ್ರೀ. ಆಶಾ ಅಕ್ಕ ಫಾರ್ಮ್ ಹಿಡ್ಕೊಂಡು ಮನೆಗೆ ಬಂದ್ರೆ "ನಮಗೆ ಎಂತದೂ ಇಲ್ಲ" ಅಂತ ಗೇಟಿಂದ್ಲೇ ಕಳಿಸ್ಬೇಡಿ.

ಬಿಪಿ ಆಯ್ತು, ಈಗ ಟೈಲರ್ ಟೇಪ್ ತೆಗೀರಿ. ಹೊಕ್ಕುಳ ಮಟ್ಟದಲ್ಲಿ, ಹೊಟ್ಟೆ ಒಳಗೆ ಎಳ್ಕೊಳ್ಳದೆ, ಉಸಿರು ಬಿಟ್ಟು ಅಳೀರಿ. ಗಂಡಸ್ರಿಗೆ 90 ಸೆಂಟಿಮೀಟರ್, ಹೆಂಗಸ್ರಿಗೆ 80, ಅದಕ್ಕಿಂತ ಮೇಲೆ ಹೋದ್ರೆ ಶುಗರ್, ಕೊಲೆಸ್ಟ್ರಾಲ್ ಎರಡನ್ನೂ ನೋಡಿಸ್ಬೇಕು ಅಂತ ಅರ್ಥ. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಬಿಎಂಐ, ಅದು ನಮ್ಮವ್ರಿಗೆ 23 ದಾಟಿದ್ರೇ ಹೆಚ್ಚು. ಕೈಕಾಲು ಸಪೂರ ಇದ್ದು ಹೊಟ್ಟೆ ಮಾತ್ರ ಮುಂದೆ ಇರುವವ್ರು ತೂಕ ಸರಿ ಉಂಟು ಅಂತ ಸಮಾಧಾನ ಮಾಡ್ಕೊಳ್ಬೇಡಿ.

ಮೂರ್ನೇದು: ರಕ್ತ

ಪ್ಯಾಕೇಜಿನ 80 ಅಂದ್ರೆ 80 ರೋಗ ಅಲ್ಲ. ರಕ್ತಕಣದ ಒಂದೇ ಟೆಸ್ಟಲ್ಲಿ ಇಪ್ಪತ್ತು ಸಾಲು ಬರ್ತದೆ, ಲಿವರಿಗೆ ಹತ್ತು, ಮೂತ್ರಕ್ಕೆ ಹತ್ತು ಹದಿನೈದು, ಹಾಗೆ ಸಾಲು ಲೆಕ್ಕ ಹಾಕಿ 80 ಮಾಡುದು. ಇನ್ನೊಂದು ವಿಷಯ, ನಾರ್ಮಲ್ ಅಂತ ಹಾಕುವ ಮಿತಿ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಬರುವ ಹಾಗೆ ಇಟ್ಟದ್ದು, ಅಂದ್ರೆ ಎಂತ ತೊಂದ್ರೆ ಇಲ್ಲದ ಐದು ಜನ ಹೇಗೂ ಹೊರಗೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಒಟ್ಟಿಗೆ ಮಾಡಿಸಿದ್ರೆ ಒಂದಾದ್ರೂ ಕೆಂಪು ಬರುವ ಸಾಧ್ಯತೆ ಶೇ. 64, ಕ್ಯಾಲ್ಕುಲೇಟರಲ್ಲಿ ನೀವೇ ಹಾಕಿ ನೋಡಿ. ಆ ಕೆಂಪಿನ ಹಿಂದೆ ಮತ್ತೆ ಸ್ಕ್ಯಾನು, ಮತ್ತೆ ಟೆಸ್ಟು.

ತೊಂದ್ರೆ ಇಲ್ಲದ ಯುವಕ ಯುವತಿಯರಿಗೆ ನನ್ನ ಪಟ್ಟಿ ಸಣ್ಣದು: ಹಿಮೋಗ್ಲೋಬಿನ್ ಇರುವ ರಕ್ತಕಣದ ಟೆಸ್ಟ್, ಖಾಲಿ ಹೊಟ್ಟೆಯ ಶುಗರ್, ಬೇಕಾದ್ರೆ ಎರಡು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಮತ್ತೆ ಕೊಲೆಸ್ಟ್ರಾಲಿನ ಲಿಪಿಡ್ ಪ್ರೊಫೈಲ್. ಅಷ್ಟೇ. ಥೈರಾಯ್ಡ್ ಎಲ್ಲರಿಗೂ ಬೇಡ, ಮುಟ್ಟು ಏರುಪೇರು, ಕಾರಣ ಇಲ್ಲದೆ ತೂಕ ಬದಲು, ಅಥವಾ ಮಗುವಿನ ಯೋಚನೆ ಇದ್ರೆ ಮಾಡಿಸಿ. ಕ್ಯಾನ್ಸರ್ ಮಾರ್ಕರ್ ಅಂತ ಸಿಎ 125, ಸಿಇಎ ಎಲ್ಲ ಸೇರ್ಸಿ ಕೊಡ್ತಾರೆ, ಅದು ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕ್ಲಿಕ್ಕೆ ಇರುವ ಟೆಸ್ಟೇ ಅಲ್ಲ, ದುಡ್ಡೂ ಹೋಗ್ತದೆ, ನಿದ್ದೆಯೂ ಹೋಗ್ತದೆ.

ಶುಗರ್ ಖಾಲಿ ಹೊಟ್ಟೆಯಲ್ಲಿ 100ರ ಒಳಗೆ ಸರಿ, 100ರಿಂದ 125 ಗಡಿಯಲ್ಲಿ, 126 ಅಥವಾ ಮೇಲೆ ಎರಡು ಸಲ ಬಂದ್ರೆ ಸಕ್ಕರೆ ಕಾಯಿಲೆ. ಎಚ್‌ಬಿಎ1ಸಿ 5.7ರ ಒಳಗೆ ಸರಿ, 6.5ರಿಂದ ಕಾಯಿಲೆ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವ್ರು 10 ಕೋಟಿ, ಗಡಿಯಲ್ಲಿ ನಿಂತವ್ರು ಅದಕ್ಕಿಂತ ಹೆಚ್ಚು, 13 ಕೋಟಿ ಮೇಲೆ. ಗಡಿಯಲ್ಲಿ ಇರುವಾಗ ಗೊತ್ತಾದ್ರೆ ಹಿಂದೆ ಬರ್ಲಿಕ್ಕೆ ಆಗ್ತದೆ. ಹೊಟ್ಟೆ ಸುತ್ತಳತೆ ಹೆಚ್ಚಿದ್ದವ್ರು, ಮನೆಯಲ್ಲಿ ಶುಗರ್ ಇದ್ದವ್ರು, ಪಿಸಿಓಡಿ ಅಂತ ಅಂಡಾಶಯದ ಹಾರ್ಮೋನ್ ತೊಂದ್ರೆ ಇರುವ ಹುಡುಗಿಯರು, ಬಸುರಿಯಲ್ಲಿ ಶುಗರ್ ಬಂದವ್ರು 30ರ ವರೆಗೆ ಕಾಯುದು ಬೇಡ.

ಲಿಪಿಡ್ ಬಗ್ಗೆ ಭಾರತದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದ್ದು, ಮೊದಲ ಸಲ 18ರಲ್ಲೇ ನೋಡ್ಬಹುದು, ಅದಕ್ಕೆ ಉಪವಾಸವೂ ಕಡ್ಡಾಯ ಅಲ್ಲ ಅಂತ. ಲೈಪೋಪ್ರೋಟೀನ್ ಎ ಅಂತ ಕೊಲೆಸ್ಟ್ರಾಲಿನದ್ದೇ ಜಾತಿಯ ಇನ್ನೊಂದು ಉಂಟು, ಜೀವಮಾನದಲ್ಲಿ ಒಮ್ಮೆ ಮಾಡಿಸಿದ್ರೆ ಸಾಕು, ಅದು ವಂಶದಿಂದ ಬರುವಂಥದ್ದು. ಮನೆಯಲ್ಲಿ ಬೇಗ ಹಾರ್ಟ್ ಅಟ್ಯಾಕ್ ಆದವ್ರಿದ್ರೆ ಡಾಕ್ಟ್ರ ಹತ್ರ ಕೇಳಿ ಮಾಡಿಸಿ, ನಾನು ದೊಡ್ಡಮ್ಮನ ಮಾತು ಕೇಳಿದ ಮೇಲೆ ಮಾಡಿಸಿದ್ದು ಇದೊಂದೇ ಹೆಚ್ಚಿನ ಟೆಸ್ಟ್.

ಲ್ಯಾಬಿಗೆ ಹೋಗುವ ಮೊದಲು ಕೆಲವು ವಿಷಯ, ಇದೆಲ್ಲ ಪೆಟ್ಟು ತಿಂದು ಕಲಿತದ್ದು. ಶುಗರಿಗೆ 8 ಗಂಟೆ ಉಪವಾಸ, ಬರೀ ನೀರು ಕುಡೀಬಹುದು, ಕಷಾಯ, ಸಕ್ಕರೆ ಇಲ್ಲದ ಚಾ ಎಂತದೂ ಬೇಡ. ಮೆಹೆಂದಿ ಪಾರ್ಟಿ ಮುಗಿಸಿ ಮರುದಿನ ಬೆಳಿಗ್ಗೆ ಲಿಪಿಡ್ ಮಾಡಿಸ್ಬೇಡಿ, ಎಣ್ಣೆ ಹಾಕಿದ್ದು ಟ್ರೈಗ್ಲಿಸರೈಡಲ್ಲಿ, ಅಂದ್ರೆ ರಕ್ತದ ಕೊಬ್ಬಲ್ಲಿ, ಕಾಣ್ತದೆ. ಕೂದಲು ಉದುರ್ತದೆ ಅಂತ ಬಯೋಟಿನ್ ತಿನ್ನುವವ್ರು ಥೈರಾಯ್ಡ್ ಟೆಸ್ಟಿಗೆ ಎರಡು ಮೂರು ದಿನ ಮೊದಲು ನಿಲ್ಲಿಸ್ಬೇಕು, ಇಲ್ಲದಿದ್ರೆ ರಿಪೋರ್ಟ್ ತಪ್ಪು ಬರ್ತದೆ. ರಕ್ತ ಕಡಿಮೆ ಇದ್ದವ್ರಿಗೆ, ಕಬ್ಬಿಣದ ಕೊರತೆ ಇದ್ರೆ, ಎಚ್‌ಬಿಎ1ಸಿ ಚೂರು ಹೆಚ್ಚೇ ತೋರಿಸ್ಬಹುದು, ಹಾಗಾಗಿ ಅದೊಂದನ್ನೇ ನಂಬ್ಲಿಕ್ಕೆ ಇಲ್ಲ. ಜಿಮ್ಮಿನವ್ರದ್ದು ಇನ್ನೊಂದು ಕತೆ. ನಮ್ಮ ಚಿಕ್ಕಪ್ಪನ ಮಗ ಹಿಂದಿನ ದಿನ ಸಿಕ್ಕಾಪಟ್ಟೆ ಕಾಲಿನ ಎಕ್ಸರ್‌ಸೈಜ್ ಮಾಡಿ ರಕ್ತ ಕೊಟ್ಟ, ಲಿವರ್ ಟೆಸ್ಟಿನ ಎಸ್‌ಜಿಓಟಿ ಮೇಲೆ ಬಂತು, ಚಿಕ್ಕಮ್ಮ ಕಾಮಾಲೆ ಅಂತ ಮೀನು ನಿಲ್ಲಿಸಿ ನೆಲನೆಲ್ಲಿ ಕಷಾಯ ಶುರು ಮಾಡಿದ್ರು, ಹತ್ತು ದಿನ ಜಿಮ್ ಬಿಟ್ಟು ಮತ್ತೆ ನೋಡಿದ್ರೆ ನಾರ್ಮಲ್. ಮಾಂಸಖಂಡದಿಂದ್ಲೂ ಅದು ಬರ್ತದೆ. ಚಿಕ್ಕಮ್ಮ ಈಗ್ಲೂ ಕಷಾಯದಿಂದ್ಲೇ ಗುಣ ಆದದ್ದು ಅಂತ ಹೇಳುದು.

ನಾಲ್ಕ್ನೇದು: ತಪ್ಪಿಹೋದ ಲಸಿಕೆ

ಲಸಿಕೆ ಅಂದ್ರೆ ಮಕ್ಕಳಿಗೆ ಅಂತ ನಮ್ಮ ತಲೆಯಲ್ಲಿ ಕೂತಿದೆ. ಲಿವರಿಗೆ ತಾಗುವ ಹೆಪಟೈಟಿಸ್ ಬಿ ವೈರಸ್ಸಿನ ಲಸಿಕೆ ಸರ್ಕಾರಿ ಪಟ್ಟಿಯಲ್ಲಿ ದೇಶಕ್ಕೆಲ್ಲ ಬಂದದ್ದು 2011ರ ಸುಮಾರಿಗೆ, ನಮ್ಮ ರಾಜ್ಯದಲ್ಲಿ ಅದಕ್ಕೆ ಸ್ವಲ್ಪ ಮೊದಲು. ಹಾಗಾಗಿ ಈಗ 25 ದಾಟಿದವ್ರಿಗೆ ಪ್ರೈವೇಟಲ್ಲಿ ಹಾಕಿಸದಿದ್ರೆ ಸಿಕ್ಕಿರುವ ಅಂದಾಜು ಕಡಿಮೆ. ಅಮ್ಮನ ಹತ್ರ ಹಳೇ ಕಾರ್ಡ್ ಕೇಳಿ, ಇಲ್ಲದಿದ್ರೆ ಆ ಸೋಂಕು ಈಗಾಗ್ಲೇ ಉಂಟಾ ಅಂತ ತೋರಿಸುವ ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಒಮ್ಮೆ ಮಾಡಿಸಿ, ಇಲ್ಲ ಅಂತಾದ್ರೆ ಮೂರು ಡೋಸ್ ಹಾಕಿಸ್ಕೊಳ್ಳಿ, ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೇದನ್ನು ಮರೆಯುವವ್ರೇ ಜಾಸ್ತಿ, ಫೋನಲ್ಲಿ ಹಾಕಿಡಿ.

ಎಚ್‌ಪಿವಿ ಲಸಿಕೆ ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸಿಗೆ, ಅದು ದೈಹಿಕ ಸಂಪರ್ಕದಿಂದ ಹರಡುದು. 9ರಿಂದ 14ರ ಒಳಗೆ ಎರಡು ಡೋಸ್, 15 ದಾಟಿದ್ರೆ ಮೂರು. ನಮ್ಮ ದೇಶದ್ದೇ ಸರ್ವಾವ್ಯಾಕ್ 2023ರಲ್ಲಿ ಬಂತು, 26 ವರ್ಷದ ವರೆಗೆ ಹಾಕ್ತಾರೆ, ಹುಡುಗರಿಗೂ. ಅದಕ್ಕಿಂತ ಮೇಲಿನವ್ರು ಡಾಕ್ಟ್ರ ಹತ್ರ ಕೇಳಿ. "ಮದುವೆ ಆಗದ ಹುಡುಗಿಗೆ ಅದೆಂತಕ್ಕೆ" ಅಂತ ಮನೆಯಲ್ಲಿ ಕೇಳ್ತಾರೆ, ವೈರಸ್ ತಾಗುವ ಮೊದಲೇ ಹಾಕಿದ್ರೆ ಅದು ಹೆಚ್ಚು ಕೆಲಸ ಮಾಡುದು.

ಧನುರ್ವಾಯುವಿನ ಇಂಜೆಕ್ಷನ್ ಹತ್ತು ವರ್ಷಕ್ಕೊಮ್ಮೆ, ಈಗ ಟಿಟಿ ಬದಲು ಟಿಡಿ ಅಂತ ಬರ್ತದೆ. ಮಗುವಿನ ಯೋಚನೆ ಇರುವ ಹೆಂಗಸ್ರು ಹೊಟ್ಟೆಯ ಮಗುವಿಗೆ ತೊಂದ್ರೆ ಮಾಡುವ ರುಬೆಲ್ಲಾದ ಲಸಿಕೆ ಆಗಿದೆಯಾ ಅಂತ ನೋಡ್ಕೊಳ್ಳಿ, ಹಾಕಿಸಿ ಕನಿಷ್ಠ ಒಂದು ತಿಂಗಳು ಬಿಟ್ಟೇ ಬಸುರಿ ಆಗ್ಬೇಕು. 2017ರಲ್ಲಿ ಶಾಲೆಗೆ ಬಂದು ಈ ಲಸಿಕೆ ಹಾಕಿದ್ದು 15 ವರ್ಷದ ಒಳಗಿನವ್ರಿಗೆ ಮಾತ್ರ.

ಐದ್ನೇದು: ಬಾಯಿ

ಇಲ್ಲಿ ನಾನು ಬೈಗಳು ತಿನ್ಲಿಕ್ಕುಂಟು. ನಮ್ದೂ ಪುತ್ತೂರು ಕಡೆ ತೋಟ, ನನ್ನ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದು ಅಡಿಕೆಯೇ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ, ಹೊಗೆಸೊಪ್ಪು ಇಲ್ಲದಿದ್ರೂ ಅಡಿಕೆ ಜಗಿಯುದ್ರಿಂದ ಕ್ಯಾನ್ಸರ್ ಬರ್ತದೆ ಅಂತ. ದರ ಬಿದ್ರೆ ಬೊಬ್ಬೆ ಹೊಡೆಯುವವ್ರಲ್ಲಿ ನಾನೂ ಒಬ್ಬ, ಹೇಳದೆ ಇರ್ಲಿಕ್ಕೂ ಆಗುದಿಲ್ಲ.

ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಫೋನಿನ ಟಾರ್ಚ್ ಹಾಕಿ. ಕೆನ್ನೆಯ ಒಳಗಡೆ ಬೆರಳಲ್ಲಿ ಹೊರಗೆ ಎಳೆದು ನೋಡಿ, ನಾಲಗೆ ಎತ್ತಿ ಅಡಿ ನೋಡಿ, ಎರಡು ಅಂಚು ನೋಡಿ, ತುಟಿ ಮಗುಚಿ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದ್ರೂ ಗುಣ ಆಗದ ಹುಣ್ಣು, ಗಂಟು ಇದ್ರೆ ತಡ ಮಾಡ್ಬೇಡಿ. ಆಮೇಲೆ ಮೂರು ಬೆರಳು ಒಂದ್ರ ಮೇಲೆ ಒಂದು ಇಟ್ಟು ಮೇಲಿನ ಕೆಳಗಿನ ಹಲ್ಲಿನ ನಡುವೆ ಉದ್ದಕ್ಕೆ ತೂರಿಸಿ ನೋಡಿ. ಹೋಗ್ಬೇಕು. ಎರಡೇ ಹೋಗ್ತದೆ, ಖಾರ ತಿಂದ್ರೆ ಬಾಯಿ ಉರೀತದೆ ಅಂದ್ರೆ ಬಾಯಿ ಬಿಗೀತಾ ಬರ್ತಿದೆ ಅಂತ, ಗುಟ್ಕಾ, ಬೀಡಾ ಅವತ್ತಿಂದ್ಲೇ ಬಂದ್. ನನ್ನ ಹೈಸ್ಕೂಲ್ ಫ್ರೆಂಡ್ ಒಬ್ಬ, ಲೈನ್‌ಸೇಲ್ ಕೆಲಸ, ದಿನಕ್ಕೆ ಎಂಟು ಹತ್ತು ಪ್ಯಾಕೆಟ್ ಹಾಕ್ತಿದ್ದ. ಕಲ್ಲಡ್ಕದಲ್ಲಿ ಒಟ್ಟಿಗೆ ಚಾ ಕುಡಿಯುವಾಗ ಗೋಳಿಬಜೆಯನ್ನು ಚೂರು ಚೂರು ಮಾಡಿ ತಿನ್ನುದು ನೋಡಿ ಈ ಮೂರು ಬೆರಳಿನ ಲೆಕ್ಕ ಅವ್ನ ಮೇಲೆಯೇ ಮೊದಲು ಮಾಡಿದ್ದು. ಒಂದೂವರೆ ಬೆರಳು.

ಮಂಗಳೂರು ಮಣಿಪಾಲದಲ್ಲಿ ಡೆಂಟಲ್ ಕಾಲೇಜಿಗೆ ಬರ ಇಲ್ಲ, ಅಲ್ಲಿ ಕಡಿಮೆಗೆ ಆಗ್ತದೆ, ಅರ್ಧ ದಿನ ಹೋಗ್ತದೆ ಅಷ್ಟೇ. ಹುಡುಗರು ಕಲಿಯುದು ಅಂತ ಹೆದರ್ಬೇಡಿ, ಹಿಂದೆ ಮೇಷ್ಟ್ರು ನಿಂತು ನೋಡ್ತಾರೆ, ಒಬ್ರಲ್ಲ ನಾಲ್ಕು ಜನ ಬಾಯಿ ನೋಡಿದ ಹಾಗಾಯ್ತು.

ಮಾತಾಡ್ಲಿಕ್ಕೆ ನಾಚಿಕೆ ಆಗುವಂಥದ್ದು

ಹೆಂಗಸ್ರಿಗೆ 30ರಿಂದ ಗರ್ಭಕಂಠದ ಪರೀಕ್ಷೆ, ಸರ್ಕಾರಿ ಕಡೆ ಐದು ವರ್ಷಕ್ಕೊಮ್ಮೆ ಮಾಡ್ತಾರೆ, ಲಸಿಕೆ ಹಾಕಿಸಿದವ್ರಿಗೂ ಬೇಕು. ಖಾಸಗಿಯಲ್ಲಿ ಪ್ಯಾಪ್ ಅಥವಾ ಎಚ್‌ಪಿವಿ ಟೆಸ್ಟ್, ಕೆಲವು ಡಾಕ್ಟ್ರು 25ರಿಂದ್ಲೇ ಹೇಳ್ತಾರೆ. ಐದು ನಿಮಿಷದ ಕೆಲಸ. ಎದೆಯಲ್ಲಿ ಗಂಟು, ತೊಟ್ಟಿಂದ ರಕ್ತ, ಚರ್ಮ ಒಳಗೆ ಎಳೆದ ಹಾಗೆ ಕಂಡ್ರೆ ಪ್ರಾಯ ನೋಡುದು ಬೇಡ, ತೋರಿಸಿ. ಗಂಡು ಮಕ್ಕಳು ಬಿಸಿನೀರು ಸ್ನಾನ ಆದ ಮೇಲೆ ಬೀಜ ಮುಟ್ಟಿ ನೋಡ್ಕೊಳ್ಳಿ, ನೋವಿಲ್ಲದ ಗಟ್ಟಿ ಗಂಟು ಇದ್ರೆ ಡಾಕ್ಟ್ರು. ಆ ಕ್ಯಾನ್ಸರ್ ಮುದುಕ್ರಿಗಿಂತ ಹೆಚ್ಚು ಬರುದು ಹುಡುಗ್ರಿಗೇ.

ಎಚ್‌ಐವಿ ಟೆಸ್ಟ್ ಜಿಲ್ಲಾಸ್ಪತ್ರೆಯಲ್ಲಿ ಫ್ರೀ, ಮಂಗಳೂರಿಗೆ ವೆನ್ಲಾಕ್, ಉಡುಪಿಗೆ ಅಜ್ಜರಕಾಡು. ಐಸಿಟಿಸಿ ಅಂತ ಕೇಳಿ, ಅದು ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರ, ಮೊದಲು ಕೌನ್ಸಿಲರ್ ಮಾತಾಡ್ತಾರೆ, ಗುಟ್ಟು ಕಾಯ್ಬೇಕು ಅಂತ 2017ರ ಕಾನೂನೇ ಉಂಟು. ಟೆಸ್ಟ್ ಫ್ರೀ ಆಗ್ತದೆ ಅಂತ ರಕ್ತದಾನಕ್ಕೆ ಹೋಗುವವ್ರನ್ನು ನಾನು ನೋಡಿದ್ದೇನೆ, ಹಾಗೆ ಮಾಡ್ಬೇಡಿ, ಸೋಂಕು ಹೊಸತಾಗಿದ್ರೆ ಟೆಸ್ಟಲ್ಲಿ ಸಿಗದೆ ಇನ್ನೊಬ್ರಿಗೆ ಹೋಗ್ಬಹುದು. ಆ ಹೆದರಿಕೆ ಇಲ್ಲದವ್ರು ಖಂಡಿತ ಕೊಡಿ, ಗಂಡಸ್ರು ಮೂರು ತಿಂಗಳಿಗೆ, ಹೆಂಗಸ್ರು ನಾಲ್ಕು ತಿಂಗಳಿಗೆ ಕೊಡ್ಬಹುದು, ಹಿಮೋಗ್ಲೋಬಿನ್, ಬಿಪಿ, ತೂಕ ಹೇಗೂ ನೋಡ್ತಾರೆ, ನಮ್ಮಲ್ಲಿ ಯುವಕ ಮಂಡಲದವ್ರು ವಾರ ಬಿಟ್ಟು ವಾರ ಕ್ಯಾಂಪ್ ಇಡ್ತಾರಲ್ಲ.

ಮನಸ್ಸಿಗೆ ಎರಡು ಪ್ರಶ್ನೆ. ಹಿಂದಿನ ಎರಡು ವಾರ ಯಾವುದ್ರಲ್ಲೂ ಆಸಕ್ತಿ ಇಲ್ಲದ ಹಾಗೆ ಆಯ್ತಾ? ಬೇಜಾರು, ಇನ್ನು ಎಂತ ಉಂಟು ಅನ್ನುವ ಹಾಗೆ ಆಯ್ತಾ? ಹೆಚ್ಚಿನ ದಿನ ಹೌದು ಅಂತಾದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ದಿನವಿಡೀ ಇರ್ತದೆ, ಕನ್ನಡದಲ್ಲೇ ಮಾತಾಡ್ಬಹುದು.

ಒಂದು ಫೈಲ್

ಕೊನೆಯ ಕೆಲಸ ಫೈಲ್. ಬಿಪಿ, ತೂಕ, ಸುತ್ತಳತೆ, ಲಸಿಕೆ ತಾರೀಕು, ಕುಟುಂಬದ ಲೆಕ್ಕ ಎಲ್ಲ ಒಂದೇ ಪುಸ್ತಕದಲ್ಲಿ, ರಿಪೋರ್ಟೆಲ್ಲ ಅದರೊಟ್ಟಿಗೆ. ಬಿಲ್ಲೂ ಇಡಿ, ಹಳೇ ಪದ್ಧತಿಯಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟುವವ್ರಿಗೆ ಆರೋಗ್ಯ ಚೆಕಪ್ಪಿಗೆ 5,000 ರೂಪಾಯಿ ವರೆಗೆ ವಿನಾಯ್ತಿ ಉಂಟು, ಕ್ಯಾಶ್ ಕೊಟ್ಟದ್ದಾದ್ರೂ ಆಗ್ತದೆ. ನಮ್ಮೂರ ಮಳೆಗಾಲದಲ್ಲಿ ಕಾಗದ ಬೂಸ್ಟು ಹಿಡೀತದೆ, ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಫೋನಲ್ಲಿ ಫೋಟೋ ತೆಗೆದಿಡಿ. ಇಸಿಜಿ ಇದ್ರೆ ಅದನ್ನು ಮಾತ್ರ ಅವತ್ತೇ ಝೆರಾಕ್ಸ್ ಮಾಡಿಸ್ಬೇಕು, ಆ ಮಿಣಮಿಣ ಪೇಪರಲ್ಲಿ ಗೆರೆ ನಿಲ್ಲುದಿಲ್ಲ. ಅಪ್ಪನ ಹತ್ತು ವರ್ಷದ ಹಿಂದಿನ ಇಸಿಜಿ ಬೇಕು, ಈಗಿನದ್ದಕ್ಕೆ ಹೋಲಿಸಿ ನೋಡ್ಬೇಕು ಅಂತ ಡಾಕ್ಟ್ರು ಕಳೆದ ತಿಂಗಳು ಕೇಳಿದ್ರು, ಕಪಾಟಿಂದ ತೆಗೆದು ತಂದ್ರೆ ಮೂಲೆಯಲ್ಲಿ ಹೆಸರು ಒಂದು ಬಿಟ್ಟು ಉದ್ದಕ್ಕೂ ಬರೀ ಗುಲಾಬಿ ಕಾಗದ.